ಮಿಡಿ ಕಾಣುವ ಮೊದಲೇ ಕುಡಿ ಕೊಯ್ದೆ

ನಮ್ಮ ತೋಟದ ಅಂಚಿನ ಅಪ್ಪೆಯ, ಅಂದರೆ ಮಿಡಿ ಉಪ್ಪಿನಕಾಯಿ ಹಾಕುವ ಪರಿಮಳದ ಮಾವಿನ, ಕಸಿಗಿಡಗಳು ಈ ಸಲ ಮಾರ್ಚಿನಲ್ಲಿ ಸರಿಯಾಗಿ ಮಿಡಿ ಬಿಟ್ಟವು. ಜೀರಿಗೆ ಪರಿಮಳ, ಉದ್ದ ತೊಟ್ಟು, ಮುರಿದರೆ ಸೊನೆ ಚಿಮ್ಮುವ ಮಿಡಿ. 100 ಮಿಡಿಗೆ ಹತ್ತಿರ ಹತ್ತಿರ 400 ರೂಪಾಯಿ ಕೊಟ್ಟು ಮನೆಗೇ ಬಂದು ಒಯ್ದರು. ಇದರ ತಾಯಿಮರದ ಎಲೆ ತೋರಿಸಿದಾಗ "ಎಂತದೋ ಕಾಡುಮಾವು" ಅಂದವರೂ ಚೀಲ ಹಿಡಿದು ಬಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ ಅಂದುಕೊಳ್ಳಿ. ಒಂದು ಮರದ ಕುಡಿ ತಂದು ಬೇರೆ ಸಸಿಗೆ ಕಸಿ ಕಟ್ಟೋದು ನಿಮಗೆಲ್ಲ ಗೊತ್ತು, ಅದನ್ನು ಹೇಳೋದಿಲ್ಲ. ಮಿಡಿಯನ್ನೇ ನೋಡದೆ ಮರ ಆರಿಸಿದ್ದು ಹೇಗೆ, ಎಷ್ಟು ದುಡ್ಡು ಹೋಯಿತು, ಎಲ್ಲೆಲ್ಲಿ ಕೆಟ್ಟಿತು, ಅಷ್ಟು ಹೇಳುತ್ತೇನೆ.

2018ರ ಜುಲೈ. ಉಪ್ಪಾಗೆ ಅನ್ನುವ ಹುಳಿ ಕಾಡುಕಾಯಿ ಹೆಕ್ಕಲು ಹೋಗಿದ್ದೆ. ಉತ್ತರ ಕನ್ನಡದ ಸಿದ್ದಾಪುರದ ಕಡೆ ಆ ಮಳೆಯಲ್ಲಿ ಯಾರೂ ಮಾವಿನಮರ ಹುಡುಕಿಕೊಂಡು ಹೋಗೋದಿಲ್ಲ. ಅಘನಾಶಿನಿಗೆ ಸೇರುವ ಒಂದು ಹಳ್ಳದ ದಂಡೆಯಲ್ಲಿ, ಹಿಂದಿನ ರಾತ್ರಿಯ ಗಾಳಿಗೆ ದೊಡ್ಡ ಟೊಂಗೆಯೊಂದು ಮುರಿದು ದಾರಿಗೆ ಅಡ್ಡ ಬಿದ್ದಿತ್ತು. ದಾಟುವಾಗ ಕಾಲಡಿಗೆ ಎಲೆ ಸಿಕ್ಕಿ ನುರಿಯಿತು. ಘಮ್ಮೆಂದು ಪರಿಮಳ. ಮೊದಲು ಜೀರಿಗೆ, ಹಿಂದಿನಿಂದ ಸಣ್ಣಗೆ ಕರ್ಪೂರದ ಘಾಟು. ಎರಡೂ ಒಟ್ಟಿಗೆ ಇರುವ ಮರ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮರದಲ್ಲಿ ಒಂದೂ ಕಾಯಿಲ್ಲ. ಕೆಳಗೆ ಗೊರಟೂ ಇಲ್ಲ, ಇದ್ದರೆ ಹಳ್ಳ ಒಯ್ದಿರಬೇಕು. ಮರದ ಅರ್ಧ ಬೇರು ದಂಡೆಯ ಹೊರಗೆ ನೇತಾಡುತ್ತಿತ್ತು.

ಅಪ್ಪೆಮಿಡಿಯವರ ನಿಯಮ ನಿಮಗೆ ಗೊತ್ತೇ ಇದೆ. ಮೊದಲು ಮಿಡಿ ನೋಡು, ಉಪ್ಪಿಗೆ ಹಾಕು, ವರ್ಷ ಕಳೆದ ಮೇಲೆ ಕಚ್ಚಿ ನೋಡು, ಆಮೇಲೆ ಕಸಿ. ಒಳ್ಳೇ ನಿಯಮವೇ. ಅನಂತಭಟ್ಟನ ಅಪ್ಪೆಯಂಥ ಹೆಸರಾದ ಮರಕ್ಕೆ ಅದು ಸರಿ, ಆ ಮರದ ಗುಣ ಊರಿಗೇ ಗೊತ್ತಿರುತ್ತದೆ, ಕಾಯಲೂಬಹುದು. ಬುಡ ನೀರಿಗೆ ಬೀಳುತ್ತಿರುವ ಮರ ನಮಗೋಸ್ಕರ ಕಾಯುತ್ತದಾ? ನನಗೆ ಅಲ್ಲಿ ನಿಂತಾಗಲೇ ಅನ್ನಿಸಿತು, ಇದನ್ನು ಬಿಡಬಾರದು ಅಂತ. ಲೆಕ್ಕ ಹಾಕಿ ಬಂದ ಮಾತಲ್ಲ ಅದು. ಹಾಗಂತ ಸುಮ್ನೆ ಬಂದದ್ದೂ ಅಲ್ಲ. ಹುಡುಗನಾಗಿದ್ದಾಗಿಂದ ಸಿಕ್ಕ ಸಿಕ್ಕ ಅಪ್ಪೆಮರದ ತೊಟ್ಟು ಮುರಿದು ಮೂಸಿದ ಮೂಗು ನನ್ನದು.

ಮರ ಇದ್ದದ್ದು ನೆಂಟರೊಬ್ಬರ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ. ಸಂಜೆ ಹೋಗಿ ಕೇಳಿದೆ, "ಭಾವ, ಒಂದಿಷ್ಟು ಕುಡಿ ಕೊಯ್ದುಕೊಳ್ಳಲಾ?" ಅವರು ಎಲೆ ತಿರುಗಿಸಿ ನೋಡಿದರು. "ಎಲೆ ಮೂಸಿ ಮಿಡಿ ಜಾತಿ ಹೇಳ್ತ್ಯನಾ ಮಾರಾಯ? ಕೊಯ್ಕೋ, ಬೇಡ ಅಂದವರಾರು." ನಕ್ಕರು. ಕವಳದ (ಎಲೆಅಡಿಕೆಯ) ತಟ್ಟೆ ಮುಂದಿಟ್ಟರು.

ಇಲ್ಲೊಂದು ಮಾತು. ಕವಳ ಹಾಕಿಕೊಂಡು ಎಲೆ ಮೂಸಬೇಡಿ. ಅಡಿಕೆ, ತಂಬಾಕಿನ ಘಾಟಿನಲ್ಲಿ ಜೀರಿಗೆಯೂ ಒಂದೇ, ಹುಲ್ಲೂ ಒಂದೇ. ತೀರಾ ಎಳೆ ಚಿಗುರೂ ಬೇಡ, ಎಲ್ಲ ಮಾವಿನದೂ ಒಂದೇ ಥರ ಹಸಿ ವಾಸನೆ. ಬಲಿತ ಮುದಿ ಎಲೆಯೂ ಬೇಡ. ಬಣ್ಣ ತಿರುಗಿ ಹಸಿರಾದ, ಆದರೆ ಇನ್ನೂ ಮೆತ್ತಗಿರುವ ಎಲೆ ತೆಗೆದು, ನಡುನರ ಮುರಿದು, ಎರಡು ಬೆರಳಲ್ಲಿ ನುರಿದು, ಒಂದು ಗಳಿಗೆ ಬಿಟ್ಟು ಮೂಸಬೇಕು. ಕೂಡಲೇ ಮೂಸಿದರೆ ಹಸಿ ವಾಸನೆಯೇ ಮುಂದೆ ಬರುತ್ತದೆ.

ಬಿದ್ದ ಟೊಂಗೆಯ ಕುಡಿಗಳನ್ನು ಅವತ್ತೇ ತಂದು ಕಟ್ಟಿದೆ. ಎಲೆ ಸವರಿ ಎಂಟು ಹತ್ತು ದಿನ ಬಿಡದ ಕುಡಿ, ಮೊಗ್ಗು ಉಬ್ಬಿರಲಿಲ್ಲ, ಮೇಲೆ ಜುಲೈ ಮಳೆ. ಕಸಿಗೆ ಮುಚ್ಚಿದ ಐಸ್‌ಕ್ಯಾಂಡಿ ಕವರಿನೊಳಗೆ ಎಲ್ಲ ಕಪ್ಪಾಗಿ ಕೊಳೆತವು. ಒಂದೂ ಉಳಿಯಲಿಲ್ಲ. ಅದು ನಿರೀಕ್ಷಿಸಿದ್ದೇ. ನಿಂತ ಮರದ ಕೆಳಟೊಂಗೆಗಳಲ್ಲಿ ತೊಟ್ಟು ಬಿಟ್ಟು ಎಲೆ ಸವರಿ ಬಂದಿದ್ದೆ, ಅವುಗಳ ಮೇಲೆ ಆಸೆ ಇತ್ತು. ಕಸಿ ಕಟ್ಟುವವನನ್ನು ಕರೆಸಿದೆ. ಒಂದು ಕಸಿಗೆ 7 ರೂಪಾಯಿಯೋ 8 ರೂಪಾಯಿಯೋ ಇತ್ತು ಆಗ. 60 ಚಿಲ್ಲರೆ ಕಟ್ಟಿದ. ಉಳಿದದ್ದು 15ರ ಆಸುಪಾಸು.

ಅದರಲ್ಲೂ ಕಸಿಗೆ ಬುಡವಾಗುವ ಬೇರುಸಸಿಯ ಗೋಳು ಬೇರೆ. ನಮ್ಮದೇ ಸಸಿ ಸಾಲದೆ ಒಂದು ನರ್ಸರಿಯಿಂದ 25 ರೂಪಾಯಿಯಂತೆ ತಂದಿದ್ದೆ. ಎರಡು ಮಳೆಗಾಲ ಒಂದೇ ಚೀಲದಲ್ಲಿ ಕೂತ ಸಸಿ. ಚೀಲ ಹರಿದು ನೋಡಿದರೆ ತಾಯಿಬೇರು ಸಿಂಬೆ ಸುತ್ತಿತ್ತು. ಅವುಗಳ ಮೇಲಿನ ಕಸಿ ಬದುಕಿದರೂ ಗಿಡ ಮೇಲೇಳಲಿಲ್ಲ. ಆಮೇಲೆ ಜೂನ್‌ನಲ್ಲಿ ಹೊಳೆಮಾವಿನ ಗೊರಟು ಹೆಕ್ಕಿ, ಒಣಗಲು ಬಿಡದೆ, ಮೇಲಿನ ಗಟ್ಟಿ ಓಟೆ ಬಿಡಿಸಿ ನಾನೇ ಹಾಕಿದೆ. ಈಗಲೂ ಹಾಗೇ ಮಾಡುವುದು.

ಮಳೆ ಹದಕ್ಕೆ ಬಂದ ಮೇಲೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಕಟ್ಟಿದ್ದು ಜಾಸ್ತಿ ಹತ್ತಿತು. ನಮ್ಮ ಕಡೆ ಮಳೆಗೆ ಇದು ಸರಿ, ನಿಮ್ಮಲ್ಲಿ ಬೇರೆ ಇರಬಹುದು. ಕುಡಿಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ತರುತ್ತೇನೆ. ಸುತ್ತುವ ಮೊದಲು ಬುಡವನ್ನು ಒಂದು ನೀರಿನಲ್ಲಿ ಅದ್ದುತ್ತೇನೆ. ಅದರಲ್ಲಿ ಏನಿದೆ ಅಂತ ಬರೆಯೋದಿಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ. ಮೂರನೇ ದಿನ ಕಟ್ಟಿದರೂ ಹತ್ತುತ್ತದೆ ಅಂತ ಮಾತ್ರ ಹೇಳಬಲ್ಲೆ.

2019ರ ಜನವರಿಯಲ್ಲಿ ತಾಯಿಮರ ಹೂ ಬಿಟ್ಟಿತು. ನಾನು ದಿನಾ ಹೋಗಿ ನೋಡುತ್ತಿದ್ದೆ. ಮೋಡ ಕವಿಯಿತು, ಜಿಗಿಹುಳು ಬಂತು, ಹಿಂದೆಯೇ ಬೂದಿರೋಗ. ಮಿಡಿ ಕಡಲೆಕಾಳಿನಷ್ಟಾಗುವ ಮೊದಲೇ ಪೂರ್ತಿ ಉದುರಿತು. ಊರಲ್ಲಿ ತಮಾಷೆ ಶುರುವಾಯಿತು. ಮನೆಯವಳಂತೂ "ಹೆಸರಿಲ್ಲದ ಗಿಡಕ್ಕೆ ನೀರು ಹೊರ್ತಾ ಇದ್ದೀರಿ, ಹೆಸರಿರುವ ಕಾಳುಮೆಣಸಿಗೆ ಗೊಬ್ಬರ ಇಲ್ಲ" ಅಂದಳು. ಅಷ್ಟರಲ್ಲಿ ಸಸಿ, ಚೀಲ, ಕಸಿ ಕೂಲಿ, ಗುಂಡಿ, ಬೇಲಿ ಸೇರಿ 20 ಸಾವಿರ ದಾಟಿತ್ತು.

ಆ ಆಗಸ್ಟಿನ ನೆರೆ ನೆನಪಿದೆಯಲ್ಲ. ಹಳ್ಳ ಉಕ್ಕಿ ಮರ ಬುಡಸಮೇತ ಹೋಯಿತು. ಯಾರಿಗೂ ಒಂದು ಮಿಡಿಯನ್ನೂ ತೋರಿಸದೆ ಹೋಯಿತು. ನಿಯಮದ ಪ್ರಕಾರ ಕೂತಿದ್ದರೆ ನನ್ನ ಕೈಯಲ್ಲಿ ಏನಿರುತ್ತಿತ್ತು? ಅಘನಾಶಿನಿ, ಶರಾವತಿ ದಂಡೆಯಲ್ಲಿ ಹೀಗೆ ಹೋದ ಮರಗಳ ಲೆಕ್ಕ ಇಟ್ಟವರಾರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ಮುಳುಗಿದ ಅಪ್ಪೆಮರಗಳ ಕಥೆಯನ್ನು ಸಾಗರದ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಈಗ ಗುತ್ತಿಗೆಯವರು ಟೊಂಗೆಯನ್ನೇ ಕಡಿದು ಮಿಡಿ ಇಳಿಸುತ್ತಾರೆ. ಎಲ್ಲ ಮಿಡಿಯಲ್ಲೇ ಕೊಯ್ದರೆ ಹಣ್ಣಾಗಿ ಗೊರಟು ಬೀಳುವುದು ಯಾವಾಗ? ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ನಮ್ಮ ಕಡೆಯ ತಳಿಗಳನ್ನು ಒಯ್ದು ಬೆಳೆಸಿಟ್ಟಿದ್ದಾರೆ, ಒಳ್ಳೆಯದೇ. ಆದರೆ ಹಳ್ಳದ ದಂಡೆಯ ಹೆಸರಿಲ್ಲದ ಮರ ಅಲ್ಲಿಗೆ ಮುಟ್ಟುವುದಿಲ್ಲ.

ನನ್ನನ್ನು ಕಾಪಾಡಿದ್ದು ಕೊಟ್ಟಿಗೆ ಹಿಂದಿನ ಒಂದು ಕೆಲಸಕ್ಕೆ ಬಾರದ ಮಾವಿನಮರ. ಹುಳ ಬೀಳುವ ಹಣ್ಣು, ಯಾರೂ ತಿನ್ನುತ್ತಿರಲಿಲ್ಲ. ಅದನ್ನು ಎದೆಮಟ್ಟಕ್ಕೆ ಕಡಿದು, ಬಂದ ಚಿಗುರುಗಳಿಗೆ ನೆರೆಗಿಂತ ಮೊದಲು ಇದೇ ಕುಡಿ ಕಟ್ಟಿದ್ದೆ. ಸುಮ್ನೆ ನೋಡೋಣ ಅಂತ. ಹಳೇ ಬೇರು, ಜೋರು ಬೆಳೆಯಿತು. 2022ರಲ್ಲಿ ಮೊದಲ ಮಿಡಿ ಅದರಲ್ಲೇ ಬಂತು, ಎರಡು ಬುಟ್ಟಿ. ಹಗ್ಗ ಕಟ್ಟಿ ಇಳಿಸುವಷ್ಟು ಎತ್ತರ ಇರಲಿಲ್ಲ, ತೊಟ್ಟು ಸಮೇತ ನಾನೇ ಕೊಯ್ದೆ. ಮೊದಲ ಮಿಡಿಯ ತೊಟ್ಟು ಮುರಿದಾಗ ಸೊನೆ ಮುಂಗೈಗೆ ಹಾರಿ ಸುಟ್ಟಿತು, ಕಪ್ಪು ಕಲೆ ವಾರಗಟ್ಟಲೆ ಇತ್ತು. ಜೀರಿಗೆ, ಹಿಂದಿನಿಂದ ಕರ್ಪೂರ. ಅದೇ.

ಮಿಡಿ ಉಪ್ಪಿಗೆ ಹಾಕಿದ ಭರಣಿಗಳನ್ನು ಮೂರು ಪಾಲು ಮಾಡಿದೆ. ಒಂದು ಆರು ತಿಂಗಳಿಗೆ, ಒಂದು ವರ್ಷಕ್ಕೆ, ಒಂದು ಎರಡು ವರ್ಷಕ್ಕೆ. ಎರಡು ವರ್ಷದ್ದನ್ನು ತೆಗೆದಾಗ ಉಪ್ಪುನೀರಿನ ಮೇಲೆ ಸೊನೆ ತೆಳು ಎಣ್ಣೆಯ ಹಾಗೆ ತೇಲುತ್ತಿತ್ತು. ಮಿಡಿ ಸುಕ್ಕಾಗಿತ್ತು, ಮೆತ್ತಗಾಗಿರಲಿಲ್ಲ. ಕಚ್ಚಿದರೆ ಕಟುಂ. ಭಾವನ ಮನೆಗೆ ಒಂದು ಬಾಟಲಿ ಕಳಿಸಿದೆ. ಅವರು ಉಪ್ಪಿನಕಾಯಿ ಬಗ್ಗೆ ಏನೂ ಹೇಳಲಿಲ್ಲ, "ಎರಡು ಗಿಡ ಬೇಕಾಗಿತ್ತು" ಅಂತ ಫೋನ್ ಮಾಡಿದರು.

ಮೂಗು ಎಷ್ಟು ನಂಬಬಹುದು ಅಂತಲೂ ನೋಡಿದ್ದೇನೆ. ಮಿಡಿ ಇಲ್ಲದ ಕಾಲದಲ್ಲಿ ಸುತ್ತಮುತ್ತಲಿನ ಹತ್ತು ಹನ್ನೆರಡು ಮರದ ಎಲೆ ಮೂಸಿ ಪುಸ್ತಕದಲ್ಲಿ ಬರೆದಿಟ್ಟು, ಮಿಡಿ ಬಂದಾಗ ತಾಳೆ ನೋಡಿದೆ. ಪರಿಮಳದ ವಿಷಯದಲ್ಲಿ ಏಳೋ ಎಂಟೋ ಸರಿಯಾದವು. ಬಾಳಿಕೆ ಮಾತ್ರ ಎಲೆಯಲ್ಲಿ ಸಿಗುವುದಿಲ್ಲ. ಘಮ್ಮೆನ್ನುವ ಎರಡು ಮರದ ಮಿಡಿ ಉಪ್ಪಿನಲ್ಲಿ ನಾಲ್ಕೇ ತಿಂಗಳಿಗೆ ಮೆತ್ತಗಾಯಿತು. ಬಾಳಿಕೆಗೆ ನಾನು ಕುಡಿ ಮುರಿದಲ್ಲಿನ ಸೊನೆ ನೋಡುತ್ತೇನೆ. ನೀರಾಗಿ ಇಳಿದುಹೋದರೆ ಬಿಡುತ್ತೇನೆ, ಮಣಿಯಾಗಿ ಕೂತರೆ ಆಸೆ ಇದೆ. ಇನ್ನೂ ಒಂದು ಗುರುತಿದೆ, ಅದು ಬೇಕಾದರೆ ಮನೆಗೆ ಬನ್ನಿ, ಅಪ್ಪೆಹುಳಿ ಕುಡಿಯುತ್ತಾ ಮಾತಾಡೋಣ.

ಇದೇ ಹುಮ್ಮಸ್ಸಿನಲ್ಲಿ ಉಪ್ಪಾಗೆಗೂ ಕೈ ಹಾಕಿದೆ. ದಪ್ಪ ಸಿಪ್ಪೆಯ ಕಾಯಿ ಬಿಡುವ ಒಂದು ಮರದ ಕುಡಿ ತಂದು ಕಟ್ಟಿದೆ, ಹತ್ತಿತು ಕೂಡ. ಆದರೆ ಅಡ್ಡಟೊಂಗೆಯ ಕುಡಿ ಅಡ್ಡಕ್ಕೇ ಹೋಗುತ್ತದೆ. ನಾಲ್ಕು ವರ್ಷವಾದರೂ ಮರವಾಗದೆ ಪೊದೆಯಾಗಿ ಕೂತಿದೆ. ನೆಟ್ಟಗೆ ಏಳಬೇಕೆಂದರೆ ತುದಿಯಲ್ಲಿ ನೆಟ್ಟಗೆ ಹೋಗುವ ಕುಡಿಯೇ ಬೇಕು, ಜಾಯಿಕಾಯಿಯ ಹಾಗೆ. ಅದು ಒಂದು ಮರಕ್ಕೆ ಬೆರಳೆಣಿಕೆಯಷ್ಟು. ಪೊದೆಯಾದರೆ ಕೊಯ್ಯಲು ಸುಲಭ ಅಂತ ಈಗ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

ದುಡ್ಡಿನ ಲೆಕ್ಕ ಕೇಳುತ್ತೀರಿ. ಒಟ್ಟು 35 ಸಾವಿರದ ಆಸುಪಾಸು ಹೋಯಿತು, ನನ್ನ ಕೂಲಿ ಹಿಡಿಯದೆ. ಕಳೆದ ಎರಡು ಮಳೆಗಾಲ ಕಸಿಗಿಡ 120 ರೂಪಾಯಿಯಂತೆ ಮಾರಿದೆ, ಮಿಡಿಯದ್ದೂ ಸೇರಿ ಹಾಕಿದ್ದು ಬಂದಿದೆ, ಮೇಲೆ ಸ್ವಲ್ಪ ಉಳಿದಿದೆ. ಅಡಿಕೆ ಮುಂದೆ ಇದು ಏನೂ ಅಲ್ಲ. ಮುಂದಿನ ಮಾರ್ಚ್ ಖಾಲಿ ವರ್ಷ ಆಗಬಹುದು, ಅಪ್ಪೆಯನ್ನು ನಂಬಿ ಸಾಲ ಮಾಡಬೇಡಿ.

ಕಳೆದ ಅಕ್ಟೋಬರ್‌ನಲ್ಲಿ ಬೇರೆ ಕೆಲಸಕ್ಕೆ ಹೋದಾಗ ಇನ್ನೊಂದು ಮರ ಸಿಕ್ಕಿದೆ. ಎಲೆ ನುರಿದರೆ ಮಾವಿನಶುಂಠಿಯ ಪರಿಮಳ, ಸೊನೆ ಮಣಿಯಾಗಿ ಕೂರುತ್ತದೆ. ಮಿಡಿ ಇನ್ನೂ ನೋಡಿಲ್ಲ. 20 ಕಟ್ಟಿದ್ದೇನೆ, ಹೆಚ್ಚಿನವು ಚಿಗುರಿವೆ. ಹಳೇ ಮರದ ಗಿಡ ಬೇಕಾದವರು ಜೂನ್‌ನಲ್ಲಿ ಬನ್ನಿ, ಇದರದ್ದು ಸದ್ಯಕ್ಕೆ ಕೊಡೋದಿಲ್ಲ.