ಹೊಸ ಮಂಡಿ, ಹಳೇ ಕಾಡು: ಮೊದ್ಲು ಇಳಿಯೋದು ಕಲೀರಿ

ಆಪರೇಷನ್ ಮಾಡಿಸಿ ಕೃತಕ ಮಂಡಿ ಹಾಕಿಸ್ಕೊಂಡು ನಾಲ್ಕೈದು ತಿಂಗಳಾದವರು ಒಂದೇ ಥರ ತಪ್ಪು ಮಾಡೋದನ್ನ ನೋಡಿ ನೋಡಿ ಸಾಕಾಗಿದೆ. ಒಂದಿನ ಹುರುಪು ಬಂದು ಗುಡ್ಡ ಹತ್ತಿಬಿಡ್ತಾರೆ, ತುದೀಲಿ ನಿಂತು ಫೋಟೋ ತೆಗೆದು ಎಲ್ಲರಿಗೂ ಕಳಿಸ್ತಾರೆ, ಚೂರೂ ನೋವಿಲ್ಲ ಕಣ್ರೀ ಅಂತಾರೆ, ಆಮೇಲೆ ಇಳಿಯೋಕೆ ಶುರು ಮಾಡ್ತಾರೆ. ಅರ್ಧ ದಾರಿಗೆ ತೊಡೆ ಗಡಗಡ ನಡುಗುತ್ತೆ, ಕೊನೇ ಭಾಗ ಕೂತ್ಕೊಂಡು ಜಾರೋದೇ ಗತಿ, ಮರುದಿನ ಮಂಡಿ ಕುಂಬಳಕಾಯಿ. ಗೊತ್ತು ಹೇಗಂದ್ರೆ ನಾನೂ ಮಾಡಿದೀನಿ, ಬಲ ಮಂಡಿ, ಐದನೇ ತಿಂಗಳು.

ಹೊಸ ಮಂಡೀಲಿ ಮತ್ತೆ ಟ್ರೆಕ್ಕಿಂಗ್‌ಗೋ ಬೇಟೆಗೋ ಹೋಗೋರಿಗೆ ಇದನ್ನ ಬರೀತಿದೀನಿ, ಹಾಗಾಗಿ ಕೆಳಗೆ ಇಳಿಯೋ ವಿಷಯಾನೇ ಜಾಸ್ತಿ ಇರುತ್ತೆ, ಉಳಿದಿದ್ದನ್ನ ಬೇಗ ಮುಗಿಸ್ತೀನಿ.

ಹೆಜ್ಜೆ 1: ಡಾಕ್ಟ್ರ ಹತ್ರ ಸರಿಯಾದ ಪ್ರಶ್ನೆ ಕೇಳಿ

"ಟ್ರೆಕ್ಕಿಂಗ್ ಮಾಡಬಹುದಾ" ಅಂತ ಕೇಳಿದ್ರೆ ಮಾಡಬಹುದು ಅಂತಾರೆ, ಯಾಕಂದ್ರೆ ಅವರ ಮನಸ್ಸಲ್ಲಿರೋದು ಪಾರ್ಕ್ ಥರದ ದಾರಿ. ನೀವು ಬಿಡಿಸಿ ಹೇಳಿ: ದಾರಿ ಇಲ್ಲದ ಕಡೆ, ಬೆನ್ನ ಮೇಲೆ ಇಷ್ಟು ಕೆಜಿ, ಇಷ್ಟು ಗಂಟೆ, ಮಂಡಿಯೂರಬೇಕಾಗುತ್ತೆ. ಒಳಗೆ ಏನಿದೆ ಅಂತಾನೂ ತಿಳ್ಕೊಳ್ಳಿ. ಸಾಮಾನ್ಯವಾಗಿ ತೊಡೆಮೂಳೆ ತುದಿಗೆ ಕೋಬಾಲ್ಟ್ ಕ್ರೋಮಿಯಂ ಟೋಪಿ, ಕೆಳಗಿನ ಮೂಳೆಗೆ ಟೈಟಾನಿಯಂ ತಟ್ಟೆ, ಮಧ್ಯೆ ಪಾಲಿಎಥಿಲೀನ್ ಅನ್ನೋ ಪ್ಲಾಸ್ಟಿಕ್ಕು. ಸವೆಯೋದು ಆ ಪ್ಲಾಸ್ಟಿಕ್ಕು. ನಡಿಗೆ, ಸೈಕಲ್, ಈಜು ಅದಕ್ಕೆ ಒಗ್ಗುತ್ತೆ, ಓಡೋದು ಜಿಗಿಯೋದು ಬೇಡ ಅಂತಾನೇ ಹೆಚ್ಚಿನ ಡಾಕ್ಟ್ರು ಹೇಳ್ತಾರೆ. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಒಂದು ದೊಡ್ಡ ಲೆಕ್ಕದ ಪ್ರಕಾರ ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ಸುಮಾರು 82% 25 ವರ್ಷ ಬಾಳಿಕೆ ಬಂದಿವೆ, ಆದ್ರಿಂದ ಈ ಸೀಸನ್ ತಪ್ಪಿಹೋಗುತ್ತಲ್ಲ ಅಂತ ಅವಸರ ಬೀಳಬೇಡಿ.

ಈ "ಜಾಯಿಂಟ್ ಪುಡಿ" ಮಾರೋರ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. ಮೃದ್ವಸ್ಥಿ, ಅಂದ್ರೆ ಮೂಳೆ ತುದಿಯ ನುಣುಪು ಪದರ (ಕಾರ್ಟಿಲೇಜ್), ಬೆಳೆಸುತ್ತೆ ಅಂತ ಡಬ್ಬ ಡಬ್ಬ ಕೊಡ್ತಾರೆ. ಪೂರ್ತಿ ಬದಲಾಯಿಸಿದ ಮಂಡೀಲಿ ಮೃದ್ವಸ್ಥಿ ಎಲ್ಲಿದೆ ಸ್ವಾಮಿ ಬೆಳೆಯೋಕೆ, ಅದನ್ನ ಕೊಯ್ದು ತೆಗೆದಿದ್ದಾರಲ್ಲ. ಮ್ಯಾಗ್ನೆಟ್ ಇರೋ ಮಂಡಿ ಪಟ್ಟಿ ಕೂಡ ಅದೇ ಸಾಲಿಗೆ.

ಹೆಜ್ಜೆ 2: ಮಡಚೋದಕ್ಕಿಂತ ಮುಂಚೆ ನೆಟ್ಟಗೆ

ಎಲ್ಲರೂ ಎಷ್ಟು ಮಡಚುತ್ತೆ ಅಂತ ಡಿಗ್ರಿ ಎಣಿಸ್ತಾರೆ. ಸಮತಟ್ಟು ನಡಿಗೆಗೆ 70 ಡಿಗ್ರಿ ಆಸುಪಾಸು ಸಾಕು, ಮೆಟ್ಟಿಲಿಗೆ 90 ರಿಂದ 100. ಆದ್ರೆ ಕಾಲು ಪೂರ್ತಿ ನೆಟ್ಟಗಾಗದೇ ಇದ್ರೆ ದಿನವಿಡೀ ಸ್ವಲ್ಪ ಬಗ್ಗಿದ ಕಾಲಲ್ಲೇ ನಡೀತೀರ, ತೊಡೆಗೆ ಒಂದು ಕ್ಷಣ ವಿಶ್ರಾಂತಿ ಇರಲ್ಲ. ಹಿಮ್ಮಡಿ ಕೆಳಗೆ ಟವೆಲ್ ಸುತ್ತಿ ಇಟ್ಟು ಮಂಡೀನ ಕೆಳಕ್ಕೆ ಬಿಡಿ, ದಿನಕ್ಕೆ ಹಲವು ಸಲ. ಬೋರಿಂಗ್, ಮಾಡಿ.

ಹೆಜ್ಜೆ 3: ಸಮತಟ್ಟಲ್ಲಿ ನಡೀರಿ. ವಾರವಾರ ಸ್ವಲ್ಪ ಜಾಸ್ತಿ. ಇಷ್ಟೇ.

ಒಂದು ಮಾತು ಮಾತ್ರ, ಮೊದಲ ಮೂರು ತಿಂಗಳು ರಕ್ತ ಹೆಪ್ಪುಗಟ್ಟೋ ಅಪಾಯ ಇರುತ್ತೆ, ಮೀನಖಂಡ ಊದಿ ನೋವಾದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗಿ, ಇದ್ದಕ್ಕಿದ್ದಂಗೆ ಉಸಿರು ಕಟ್ಟಿದ್ರೆ ಅಥವಾ ಎದೆನೋವು ಬಂದ್ರೆ ಸೀದಾ ಎಮರ್ಜೆನ್ಸಿಗೆ. ನಡೆದಿದ್ದು ಜಾಸ್ತಿ ಆಯ್ತು ಅನ್ಸುತ್ತೆ ಅಂತ ಎಣ್ಣೆ ತಿಕ್ಕೊಂಡು ಮಲಗಬೇಡಿ.

ಹೆಜ್ಜೆ 4: ಇಳಿಯೋದು

ಹತ್ತುವಾಗ ತೊಡೆ ಮುಂದಿನ ಸ್ನಾಯು ಕುಗ್ಗುತ್ತಾ ಮೈಯನ್ನ ಮೇಲೆತ್ತುತ್ತೆ, ಸುಸ್ತಾದ್ರೆ ನೀವೇ ನಿಂತ್ಕೋತೀರ. ಇಳಿಯುವಾಗ ಅದೇ ಸ್ನಾಯು ಉದ್ದವಾಗ್ತಾ ಉದ್ದವಾಗ್ತಾ ಬ್ರೇಕ್ ಹಿಡೀಬೇಕು, ಸುಸ್ತಾದ್ರೂ ಗುಡ್ಡ ನಿಮ್ಮನ್ನ ಕೆಳಗೆ ತಳ್ತಾನೇ ಇರುತ್ತೆ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಈ ಸ್ನಾಯುವಿನ ಬಲ ಅರ್ಧಕ್ಕರ್ಧ ಬಿದ್ದುಹೋಗಿರುತ್ತೆ, ನೋವು ಹೋದಷ್ಟು ಬೇಗ ಬಲ ವಾಪಸ್ ಬರಲ್ಲ. ಮೋಸ ಆಗೋದು ಇಲ್ಲೇ, ನೋವಿಲ್ಲ ಅಂದ್ರೆ ರೆಡಿ ಅಂದ್ಕೋತೀವಿ. ಸೆನ್ಸರ್ ಇಟ್ಟ ಕೃತಕ ಮಂಡಿಗಳಲ್ಲಿ ಅಳೆದಾಗ ಸಮತಟ್ಟು ನಡಿಗೇಲಿ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬಿದ್ರೆ ಮೆಟ್ಟಿಲಿಳಿಯುವಾಗ ಮೂರೂವರೆ ಪಟ್ಟು.

ಮನೇಲಿ ಹೀಗೆ ಶುರು ಮಾಡಿ. ಸುಮಾರು 10 ಸೆಂಟಿಮೀಟರ್ ಎತ್ತರದ ಗಟ್ಟಿ ಹಲಗೆ ಅಥವಾ ಮೆಟ್ಟಿಲು, ಕೈಗೆ ಸಿಗೋ ಹಾಗೆ ಗೋಡೆ. ಆಪರೇಷನ್ ಕಾಲು ಮೇಲೆ ನಿಂತು ಇನ್ನೊಂದು ಕಾಲಿನ ಹಿಮ್ಮಡೀನ ನಿಧಾನಕ್ಕೆ ಮುಂದೆ ಕೆಳಗೆ ಬಿಡಿ, ನಾಲ್ಕು ಎಣಿಸ್ತಾ, ನೆಲಕ್ಕೆ ಮುಟ್ಟಿಸಿ, ಭಾರ ಹಾಕದೇ ವಾಪಸ್ ಮೇಲೆ. ಎದುರಿಗೆ ಕನ್ನಡಿ ಇಡಿ, ಇದನ್ನ ಯಾರೂ ಮಾಡಲ್ಲ. ಕನ್ನಡೀಲಿ ಎರಡು ನೋಡ್ಬೇಕು: ಮಂಡಿ ಒಳಗಡೆಗೆ ವಾಲ್ತಿದ್ಯಾ, ಸೊಂಟ ಇನ್ನೊಂದು ಕಡೆಗೆ ಕುಸೀತಿದ್ಯಾ. ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೇ ಇರ್ಬೇಕು. ಕೊನೇ ಎರಡು ಸೆಂಟಿಮೀಟರಲ್ಲಿ ಧೊಪ್ ಅಂತ ಬಿದ್ರೆ ಎತ್ತರ ಜಾಸ್ತಿ ಆಯ್ತು ಅಂತರ್ಥ, ಇಳಿಸಿ. ಹತ್ತು ಸಲ ಮೂರು ಸುತ್ತು ಸದ್ದಿಲ್ಲದೇ ಆದ್ಮೇಲೆ 15, ಆಮೇಲೆ 20 ಸೆಂಟಿಮೀಟರ್. ನನಗೆ 10 ರಿಂದ 20ಕ್ಕೆ ಹೋಗೋಕೆ ಎರಡೂವರೆ ತಿಂಗಳು ಹಿಡೀತು, ಬೇಗ ಆಯ್ತು ಅನ್ನೋರನ್ನ ಕನ್ನಡಿ ಮುಂದೆ ನಿಲ್ಲಿಸಿ ನೋಡಿ.

ಆಮೇಲೆ ನಿಜವಾದ ಇಳಿಜಾರು. ಖಾಲಿ ಬೆನ್ನು, ಸಣ್ಣ ದಿಬ್ಬ, ಗಟ್ಟಿ ಮಣ್ಣು, ಜಲ್ಲಿ ಬೇಡ. ಹೆಜ್ಜೆ ಚಿಕ್ಕದು, ನಿಮಗೇ ನಗು ಬರೋಷ್ಟು ಚಿಕ್ಕದು. ಮಂಡಿ ಲಾಕ್ ಮಾಡಿ ಕೋಲು ಥರ ಊರಬೇಡಿ, ಸ್ವಲ್ಪ ಬಗ್ಗಿರಲಿ. ಹೆದರಿಕೇಲಿ ಎಲ್ರೂ ಹಿಂದಕ್ಕೆ ವಾಲ್ತಾರೆ, ಆಗ ಹಿಮ್ಮಡಿ ಜಾರುತ್ತೆ, ಹಾಗಾಗಿ ಎದೆ ಪಾದದ ಮೇಲೇ ಇರಲಿ. ಕಡಿದಾಗಿದ್ರೆ ಸೀದಾ ಇಳೀಬೇಡಿ, ಹಾವು ಹರಿದ ಹಾಗೆ ಆ ಕಡೆ ಈ ಕಡೆ ಅಡ್ಡಡ್ಡ ಹೋಗಿ, ತಿರುಗುವಾಗ ಊರಿದ ಕಾಲ ಮೇಲೆ ಗಿರ್ರನೆ ತಿರುಗದೇ ಪಾದ ಎತ್ತೆತ್ತಿ ಇಟ್ಟು ತಿರುಗಿ. ದೊಡ್ಡ ಬಂಡೆ ಮೆಟ್ಟಿಲು ಸಿಕ್ರೆ ಫಿಸಿಯೋ ಹೇಳ್ಕೊಟ್ಟಿರೋ ಹಳೇ ಪಾಠಾನೇ: ಹತ್ತೋಕೆ ಒಳ್ಳೆ ಕಾಲು ಮೊದ್ಲು, ಇಳಿಯೋಕೆ ಆಪರೇಷನ್ ಕಾಲು ಮೊದ್ಲು.

ಟ್ರೆಕ್ಕಿಂಗ್ ಪೋಲ್ ಎರಡು ಬೇಕು, ಒಂದಲ್ಲ. ಇಳಿಜಾರಲ್ಲಿ ಸರಿಯಾಗಿ ಬಳಸಿದ್ರೆ ಮಂಡಿ ಮೇಲಿನ ಭಾರ 25% ವರೆಗೂ ಕಮ್ಮಿಯಾಗಬಹುದು. ಸಮತಟ್ಟಲ್ಲಿ ಮೊಣಕೈ 90 ಡಿಗ್ರಿ ಇರೋ ಉದ್ದ, ಇಳಿಯುವಾಗ 5 ರಿಂದ 10 ಸೆಂಟಿಮೀಟರ್ ಉದ್ದ ಮಾಡ್ಕೊಳ್ಳಿ, ಕಾಲಿಡೋಕಿಂತ ಮುಂಚೆ ಕೋಲು ಊರಿ. ತಿರುಗಿಸಿ ಬಿಗಿ ಮಾಡೋ ಅಗ್ಗದ ಪೋಲ್ ಮಾತ್ರ ದಯವಿಟ್ಟು ಬೇಡ, ಭಾರ ಬಿದ್ದಾಗಲೇ ಒಳಗೆ ಜಾರುತ್ತೆ, ನನ್ನದು ಹಳ್ಳ ದಾಟುವಾಗ ಜಾರಿ ಮುಖ ಅಡಿಯಾಗಿ ಬಿದ್ದಿದೀನಿ. ಕ್ಲಿಪ್ ಒತ್ತಿ ಲಾಕ್ ಮಾಡೋದು ತಗೊಳ್ಳಿ.

ಹೊರಡೋ ಮುಂಚೆ ನೋವಿನ ಮಾತ್ರೆ ನುಂಗೋ ಶಾರ್ಟ್‌ಕಟ್ ಇದ್ಯಲ್ಲ, ಅದು ಬ್ರೇಕ್ ಕೆಟ್ಟಿರೋ ಗಾಡಿಗೆ ಮೀಟರ್ ದೀಪ ಆರಿಸಿದ ಹಾಗೆ. ನೀರು ಕಮ್ಮಿ ಕುಡಿದು ಬೆವರ್ತಾ ಐಬುಪ್ರೊಫೇನ್ ಥರದ್ದು ತಗೊಂಡ್ರೆ ಕಿಡ್ನಿಗೂ ಪೆಟ್ಟು.

ಹೆಜ್ಜೆ 5: ಭಾರ

ಬ್ಯಾಗಿಗೆ 10 ಕೆಜಿ ಹಾಕಿದ್ರೆ ಮಂಡಿಗೆ 10 ಕೆಜಿ ಅಲ್ಲ, ಹೆಜ್ಜೆ 4ರಲ್ಲಿ ಹೇಳಿದ ಆ ಪಟ್ಟುಗಳಲ್ಲಿ ಗುಣಿಸಿ. 3 ಕೆಜಿಯಿಂದ ಶುರು ಮಾಡಿ, ನೀರಿನ ಬಾಟಲಿಗಳೇ ಒಳ್ಳೇದು, ಹತ್ತುವಾಗ ಹೊತ್ತು ಮೇಲೆ ಚೆಲ್ಲಿಬಿಟ್ಟು ಖಾಲಿ ಇಳೀಬಹುದು. ದೂರ, ಏರು, ಭಾರ ಮೂರನ್ನೂ ಒಂದೇ ವಾರ ಹೆಚ್ಚಿಸಬೇಡಿ. ಹೊಟ್ಟೆ ಸುತ್ತ ಇರೋ ಕೆಜಿಗಳೂ ಇದೇ ಲೆಕ್ಕಕ್ಕೇ ಸೇರ್ತವೆ, ನನಗೂ ಬೇಜಾರಾಗಿತ್ತು.

ಹೆಜ್ಜೆ 6: ಕೋವಿ ಹಿಡಿದು ಹೋಗೋರಿಗೆ

ಕಾನೂನು ಅನುಮತಿ ಇರೋ ಕಡೆ, ಲೈಸೆನ್ಸ್ ಇಟ್ಕೊಂಡು ಬೇಟೆಗೆ ಹೋಗೋರಿಗೆ ಹೇಳ್ತಿದೀನಿ. ಬೇಟೇಲಿ ನಡಿಗೆ ಒಂದೇ ಥರ ಇರಲ್ಲ, ಗಂಟೆಗಟ್ಟಲೆ ಅಲ್ಲಾಡದೇ ಕೂತು ಮಂಡಿ ಬಿಗಿಯಾದ್ಮೇಲೆ ತಟ್ಟನೆ ಏಳಬೇಕು. ಅರ್ಧ ಗಂಟೆಗೊಮ್ಮೆ ಕೂತಲ್ಲೇ ಕಾಲು ಚಾಚಿ ಮಡಚಿ. ಕುಕ್ಕುರುಗಾಲಲ್ಲಿ ಕಾಯೋದನ್ನ ಮರೆತುಬಿಡಿ, ಮಡಚೋ ಸ್ಟೂಲ್ ತಗೊಂಡು ಹೋಗಿ.

ಬಲಗೈಯೋರು ಮಂಡಿಯೂರಿ ಗುರಿ ಇಡುವಾಗ ನೆಲಕ್ಕೆ ಊರೋದು ಬಲ ಮಂಡಿ. ಆಪರೇಷನ್ ಆಗಿರೋದೂ ಅದೇ ಆಗಿದ್ರೆ ಆ ಭಂಗಿ ಬಿಟ್ಟು ಕೋವಿಗೆ ಆಸರೆ ಕೊಡೋ ಶೂಟಿಂಗ್ ಸ್ಟಿಕ್ ಇಟ್ಕೊಂಡು ನಿಂತು ಅಥವಾ ಸ್ಟೂಲ್ ಮೇಲೆ ಕೂತು ಹೊಡೆಯೋದನ್ನ ಶೂಟಿಂಗ್ ಕಲಿಯೋ ಮೈದಾನದಲ್ಲೇ ಅಭ್ಯಾಸ ಮಾಡಿ. ಗಾಯ ಪೂರ್ತಿ ಆರಿದ್ಮೇಲೆ ಮಂಡಿಯೂರೋದ್ರಿಂದ ಒಳಗಿನ ಲೋಹ ಕೆಡೋದು ಅಪರೂಪ, ಆದ್ರೆ ಗಾಯದ ಹೊರಬದಿ ಚರ್ಮ ಜೋಮು ಹಿಡಿದ ಹಾಗೇ ಉಳಿಯುತ್ತೆ, ಕೊಯ್ಯುವಾಗ ಅಲ್ಲಿನ ಸಣ್ಣ ನರ ಹೋಗಿರುತ್ತೆ. ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಮಂಡಿ ಪ್ಯಾಡ್ ಹಾಕಿ. ನೆಲದಿಂದ ಏಳೋದನ್ನ ಮನೇಲೇ ಕಲ್ತಿರಿ: ಒಳ್ಳೆ ಕಾಲು ಮುಂದೆ ಊರಿ, ಕೋಲಿಗೆ ಭಾರ ಕೊಟ್ಟು. ಕೋವಿಗೆ ಭಾರ ಕೊಟ್ಟು ಅಲ್ಲ! ಬೇಲಿ, ಬಿದ್ದ ಮರ, ಹಳ್ಳ ದಾಟೋ ಮುಂಚೆ ಕೋವಿಯಿಂದ ತೋಟಾ ತೆಗೀರಿ, ಈಗ ನೀವು ಬೀಳೋ ಸಾಧ್ಯತೆ ಮೊದಲಿಗಿಂತ ಜಾಸ್ತಿ.

ಪ್ರಾಣಿ ಬಿದ್ಮೇಲೆ ಹಿಮ್ಮುಖವಾಗಿ ಎಳ್ಕೊಂಡು ಬರೋದು ಮಂಡಿಗೆ ಅತಿ ಕೆಟ್ಟದ್ದು, ಕಾಲು ಊರಿ ಮೈ ತಿರುಚ್ತೀರ. ಅಲ್ಲೇ ತುಂಡು ಮಾಡಿ ನಾಲ್ಕೈದು ಸಲ ಹೊರಿ, ಇಲ್ಲಾಂದ್ರೆ ಹೊರೋ ಜೊತೆಗಾರ ಸಿಕ್ಕೋವರೆಗೂ ದೊಡ್ಡ ಪ್ರಾಣಿ ಮೇಲೆ ಗುರಿ ಇಡಲೇಬೇಡಿ. ಸುಲಿಯುವಾಗ ಗ್ಲೌಸ್ ಹಾಕಿ. ಕೈ ಕೊಯ್ದು ಕೀವಾದ್ರೆ ಅದು ರಕ್ತದ ಮೂಲಕ ಕೃತಕ ಮಂಡಿಗೆ ಹೋಗಿ ಕೂರಬಹುದು, ವರ್ಷಗಳಾದ್ಮೇಲೂ. ಪಾದದ ಗುಳ್ಳೆ ಒಡೆದು ಕೆಂಪಾದ್ರೂ ಅಷ್ಟೇ ಗಂಭೀರವಾಗಿ ನೋಡಿ.

ಹೆಜ್ಜೆ 7: ಮರುದಿನ ಬೆಳಿಗ್ಗೆ ಟೇಪು

ಹೊರಡೋ ದಿನ ಬೆಳಿಗ್ಗೆ ಮಂಡಿಚಿಪ್ಪಿನ ಮಧ್ಯಕ್ಕೆ ದರ್ಜಿ ಟೇಪ್ ಸುತ್ತಿ ಅಳೆದು ಬರೆದಿಡಿ, ವಾಪಸ್ ಬಂದ ರಾತ್ರಿ ಕಾಲು ಎತ್ತರಕ್ಕಿಟ್ಟು ಬಟ್ಟೆ ಸುತ್ತಿದ ಐಸು 15 ನಿಮಿಷ, ಮರುದಿನ ಬೆಳಿಗ್ಗೆ ಮತ್ತೆ ಅಳೀರಿ. ಕಾಲು ಸ್ವಲ್ಪ ಬೆಚ್ಚಗಿರೋದು, ಟಕ್ ಟಕ್ ಸದ್ದು, ತಿಂಗಳುಗಟ್ಟಲೆ ಸಾಮಾನ್ಯ. ಜ್ವರ, ಕೆಂಪು, ಗಾಯದಿಂದ ನೀರು ಬಂದ್ರೆ ಟೇಪ್ ಬಿಟ್ಟು ಆಸ್ಪತ್ರೆಗೆ. ಬರೀ ಊತ ಇದ್ದು ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಆಗಿದ್ರೆ ಮುಂದಿನ ವಾರ ಹಿಂದಿನ ಚಿಕ್ಕ ದಿಬ್ಬಕ್ಕೇ ಹೋಗೋದು, ಬ್ಯಾಗಿಂದ ಎರಡು ಬಾಟಲಿ ತೆಗೆದು.