ಗ್ಯಾಸ್ ಕಟಿಂಗ್ ಸೆಟ್ ಹಚ್ಚೋಕೆ ಮುಂಚೆ: ಆಕ್ಸಿಜನ್, ಡಿಎ (ಅಸಿಟಲೀನ್) ಸಿಲಿಂಡರ್ ಜೊತೆ ಕೆಲಸ ಮಾಡೋದು ಹೇಗೆ

ನಮ್ಮ ಕಾನೂನಿನ ಪ್ರಕಾರ ಪ್ರೆಶರ್‌ನಲ್ಲಿ ತುಂಬಿಟ್ಟ ಗ್ಯಾಸ್ ಸಿಲಿಂಡರ್ ಕೂಡ ಸ್ಫೋಟಕನೇ. 1884ರ ಎಕ್ಸ್‌ಪ್ಲೋಸಿವ್ಸ್ ಆಕ್ಟ್ ಒಳಗೆ 1938ರಲ್ಲಿ ಇದನ್ನೂ ಸೇರಿಸಿದ್ರು, 1940ರಲ್ಲಿ ಸಿಲಿಂಡರ್‌ಗೆ ಅಂತಲೇ ರೂಲ್ಸ್ ಬಂತು, ಈಗ ನಡೀತಿರೋದು 2016ರ ರೂಲ್ಸ್. ಬಂಡೆ ಸಿಡಿಸೋ ಮದ್ದಿನ ಮೇಲೂ ವೆಲ್ಡಿಂಗ್ ಶಾಪಿನ ಸಿಲಿಂಡರ್ ಮೇಲೂ ಕಣ್ಣಿಡೋ ಇಲಾಖೆ ಒಂದೇ, ನಾಗಪುರದ ಪೆಸೊ (ಪೆಟ್ರೋಲಿಯಂ ಅಂಡ್ ಎಕ್ಸ್‌ಪ್ಲೋಸಿವ್ಸ್ ಸೇಫ್ಟಿ ಆರ್ಗನೈಸೇಶನ್). ಶಾಪಲ್ಲಿ ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗರಿಗೆ ಇದನ್ನ ಯಾರೂ ಹೇಳಲ್ಲ, ಸೀದಾ ಉರಿ ಬಿಡೋ ಕಟಿಂಗ್ ಟಾರ್ಚ್ ಕೈಗೆ ಕೊಡ್ತಾರೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಬಣ್ಣ ನೋಡಿ. ಆಕ್ಸಿಜನ್ ಸಿಲಿಂಡರ್ ಕಪ್ಪು, ಅಸಿಟಲೀನ್ ಮರೂನ್, ಆರ್ಗಾನ್ ನೀಲಿ. ಹೋಸಲ್ಲಿ ಆಕ್ಸಿಜನ್‌ಗೆ ನೀಲಿ, ಅಸಿಟಲೀನ್‌ಗೆ ಕೆಂಪು. ಅಸಿಟಲೀನ್ ಕಡೆ ನಟ್ಟು ಎಡಗಡೆ ಥ್ರೆಡ್ಡು, ಉಲ್ಟಾ ತಿರುಗಿಸಿದ್ರೇನೇ ಟೈಟ್ ಆಗೋದು, ಒಂದರ ರೆಗ್ಯುಲೇಟರ್ (ಸಿಲಿಂಡರ್ ಪ್ರೆಶರ್ ಇಳಿಸಿ ಕೊಡೋ ಸಾಧನ) ಇನ್ನೊಂದಕ್ಕೆ ಕೂರಬಾರದು ಅಂತಲೇ ಹಾಗೆ ಮಾಡಿರೋದು. ಕೂರ್ತಿಲ್ಲ ಅಂದ್ರೆ ಸ್ಪ್ಯಾನರ್ ಹಾಕಿ ಬಲವಂತ ಮಾಡ್ಬೇಡಿ.

ಆಕ್ಸಿಜನ್ ತಾನು ಉರಿಯಲ್ಲ, ಬೇರೆಯದನ್ನ ಉರಿಸತ್ತೆ. 1902ರ ಹೊತ್ತಿಗೆ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಗಾಳಿನ ತಣ್ಣಗೆ ಮಾಡಿ ದ್ರವ ಮಾಡಿ ಅದರಿಂದ ಆಕ್ಸಿಜನ್ ಬೇರೆ ಮಾಡೋಕೆ ಶುರು ಮಾಡಿದ್ರು (ನೈಟ್ರೋಜನ್ ಮೈನಸ್ 196ಕ್ಕೆ ಕುದಿಯತ್ತೆ, ಆಕ್ಸಿಜನ್ ಮೈನಸ್ 183ಕ್ಕೆ, ಆ ವ್ಯತ್ಯಾಸದಲ್ಲೇ ಎರಡೂ ಬೇರೆ ಆಗೋದು), ಈಗಲೂ ದೊಡ್ಡ ಪ್ಲಾಂಟ್‌ಗಳಲ್ಲಿ ಅದೇ ದಾರಿ. ತುಂಬಿದ ಸಿಲಿಂಡರಲ್ಲಿ ಸುಮಾರು 150 ಕೆಜಿ (ಅಂದ್ರೆ ಒಂದು ಚದರ ಸೆಂಟಿಮೀಟರ್‌ಗೆ ಅಷ್ಟು ಕೆಜಿ) ಪ್ರೆಶರ್ ಇರತ್ತೆ. ವಾಲ್ವ್ ಪಟ್ ಅಂತ ತೆಗೆದ್ರೆ ಆ ಗ್ಯಾಸ್ ರೆಗ್ಯುಲೇಟರ್ ಒಳಗೆ ಒಮ್ಮೆಲೇ ನುಗ್ಗಿ ಒತ್ತಿಕೊಂಡು ಬಿಸಿ ಆಗತ್ತೆ, ಅಲ್ಲಿ ಒಂಚೂರು ಎಣ್ಣೆನೋ ಗ್ರೀಸೋ ಇದ್ರೆ ಬೆಂಕಿ ಕಡ್ಡಿನೇ ಬೇಡ, ತಾನೇ ಹತ್ಕೊಳತ್ತೆ. ಹಾಗಾಗಿ ಗ್ರೀಸ್ ಆಗಿರೋ ಕೈ, ಎಣ್ಣೆ ಬಟ್ಟೆ, ಗ್ಯಾರೇಜಿನ ಸ್ಪ್ಯಾನರ್ ಯಾವುದೂ ಹತ್ರ ಬರಬಾರದು, ನಟ್ಟು ಬಿಗಿಯಾಗಿದೆ ಅಂತ ಎಣ್ಣೆ ಬಿಡೋದಂತೂ ಬೇಡವೇ ಬೇಡ. ರೆಗ್ಯುಲೇಟರ್ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ನಿಧಾನಕ್ಕೆ ತೆಗೀರಿ. ಇನ್ನೊಂದು, ಬಟ್ಟೆ ಮೇಲಿನ ಧೂಳು ಹೊಡೆಯೋಕೆ ಆಕ್ಸಿಜನ್ ಹೋಸ್ ಬಿಡೋ ಅಭ್ಯಾಸ ಎಷ್ಟೋ ಕಡೆ ಇದೆ, ದಯವಿಟ್ಟು ಬಿಟ್ಟುಬಿಡಿ, ಆಕ್ಸಿಜನ್ ತುಂಬ್ಕೊಂಡ ಬಟ್ಟೆಗೆ ಒಂದು ಕಿಡಿ ಬಿದ್ರೂ ಆರಿಸೋಷ್ಟು ಟೈಮ್ ಸಿಗಲ್ಲ.

ಅಸಿಟಲೀನ್ ಕತೆನೇ ಬೇರೆ, ಇದು ಸಿಡಿಯೋಕೆ ಗಾಳಿನೂ ಬೇಕಿಲ್ಲ. ಬರೀ ಅಸಿಟಲೀನ್‌ನ ಒತ್ತಿ ತುಂಬಿದ್ರೆ ಅದು ತಾನೇ ಇಂಗಾಲ, ಹೈಡ್ರೋಜನ್ ಆಗಿ ಒಡೆದು ಸ್ಫೋಟ ಆಗತ್ತೆ, ಶುರುವಿನ ಕಾಲದಲ್ಲಿ ಹಾಗೆ ತುಂಬೋಕೆ ಹೋಗಿ ತುಂಬಾ ಜನ ಸತ್ರು. 1890ರ ದಶಕದಲ್ಲಿ ಫ್ರಾನ್ಸಿನಲ್ಲಿ ಕ್ಲೋಡ್ ಮತ್ತು ಹೆಸ್ ಇದು ಅಸಿಟೋನ್ ಅನ್ನೋ ದ್ರವದಲ್ಲಿ ಚೆನ್ನಾಗಿ ಕರಗತ್ತೆ ಅಂತ ತೋರಿಸಿದ್ರು. ಸ್ಪಂಜ್ ತರ ತೂತು ತೂತಾಗಿರೋ ವಸ್ತು ಸಿಲಿಂಡರ್ ತುಂಬಾ ಇಟ್ಟು, ಅದಕ್ಕೆ ಅಸಿಟೋನ್ ಹೀರಿಸಿ, ಅದರಲ್ಲಿ ಗ್ಯಾಸ್ ಕರಗಿಸೋದು, ಡಿಎ (ಡಿಸಾಲ್ವ್ಡ್ ಅಸಿಟಲೀನ್, ಕರಗಿಸಿದ ಅಸಿಟಲೀನ್) ಅನ್ನೋದು ಇದಕ್ಕೇ. ಸ್ವೀಡನ್ನಿನ ಗುಸ್ತಾಫ್ ದಲೆನ್ ಆ ಒಳಗಿನ ವಸ್ತುನ ಇನ್ನೂ ಸುಧಾರಿಸಿದ್ರು, ಲೈಟ್‌ಹೌಸ್ ದೀಪಗಳ ಕೆಲಸಕ್ಕೆ 1912ರಲ್ಲಿ ಅವರಿಗೆ ನೊಬೆಲ್ ಬಂತು, ಅದೇ ವರ್ಷ ಅಸಿಟಲೀನ್ ಸ್ಫೋಟದಲ್ಲಿ ಕಣ್ಣೂ ಹೋಯ್ತು. ಅಷ್ಟು ತಿಳಿದವರಿಗೇ ಹೀಗಾಗಿದೆ.

ಇದು ಗೊತ್ತಿದ್ರೆ ಉಳಿದ ನಿಯಮ ತಾನೇ ಅರ್ಥ ಆಗತ್ತೆ. ಡಿಎ ಸಿಲಿಂಡರ್ ಯಾವಾಗ್ಲೂ ನಿಲ್ಲಿಸಿಯೇ ಇಡಿ, ಚೈನ್ ಹಾಕಿ, ಮಲಗಿಸಿದ್ರೆ ಅಸಿಟೋನ್ ಹೊರಗೆ ಬರತ್ತೆ, ಗಾಡಿಯಲ್ಲಿ ಮಲಗಿಸಿ ತಂದಿದ್ರೆ ಕೆಲವು ಗಂಟೆ ನಿಲ್ಲಿಸಿ ಆಮೇಲೆ ಬಳಸಿ. ಟಾರ್ಚ್ ಕಡೆ ಪ್ರೆಶರ್ 1 ಕೆಜಿ ದಾಟಬಾರದು. ತಾಮ್ರದ ಪೈಪಿಂದ ಜಾಯಿಂಟ್ ಮಾಡ್ಬೇಡಿ, ತಾಮ್ರ ಇದರ ಜೊತೆ ಸೇರಿ ತಟ್ಟಿದ್ರೂ ಸಿಡಿಯೋ ವಸ್ತು ಆಗತ್ತೆ. ವಾಲ್ವ್ ಒಂದು, ಒಂದೂವರೆ ಸುತ್ತು ತೆಗೆದ್ರೆ ಸಾಕು, ಕೀ ಅಲ್ಲೇ ಇರಲಿ, ಅವಸರದಲ್ಲಿ ಹುಡುಕೋ ಹಾಗಾಗಬಾರದು. ಎರಡೂ ಹೋಸ್‌ಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಉರಿ ಹಿಂದಕ್ಕೆ ಹೋಗದ ಹಾಗೆ ತಡೆಯೋದು) ಹಾಕಿ, ದುಡ್ಡು ಉಳಿಸೋ ಜಾಗ ಇದಲ್ಲ.

ಹಚ್ಚೋಕೆ ಮುಂಚೆ ಜಾಯಿಂಟ್‌ಗೆಲ್ಲ ಸೋಪ್ ನೀರು ಹಾಕಿ ನೋಡಿ, ಆಕ್ಸಿಜನ್ ಕಡೆ ಎಣ್ಣೆ ಅಂಶ ಇಲ್ಲದ ಲೀಕ್ ಲಿಕ್ವಿಡ್ ಇದ್ರೆ ಒಳ್ಳೇದು. ಎರಡೂ ಹೋಸಲ್ಲಿ ಒಂದಾದ ಮೇಲೊಂದು ಸ್ವಲ್ಪ ಹೊತ್ತು ಗ್ಯಾಸ್ ಹರಿಸಿ ಹಳೇ ಗ್ಯಾಸ್ ಹೊರಗೆ ಹಾಕಿ, ಆಮೇಲೆ ಅಸಿಟಲೀನ್ ಸ್ವಲ್ಪ ತೆಗೆದು ಸ್ಪಾರ್ಕ್ ಲೈಟರ್‌ನಿಂದ ಹಚ್ಚಿ, ನಂತರ ಆಕ್ಸಿಜನ್ ಕೊಡಿ. ಟಾರ್ಚ್ ಒಳಗಿಂದ ಕೀಚು ಸದ್ದು ಬಂದ್ರೆ ಉರಿ ಒಳಗೆ ಹೋಗಿದೆ ಅಂತ, ತಕ್ಷಣ ಎರಡೂ ಮುಚ್ಚಿ. ಡಿಎ ಸಿಲಿಂಡರ್ ಮೈ ಬಿಸಿ ಆಗ್ತಿದ್ರೆ ಎತ್ತಿಕೊಂಡು ಓಡೋ ಧೈರ್ಯ ಬೇಡ, ಎಲ್ಲರೂ ದೂರ ಹೋಗಿ 112ಕ್ಕೆ ಫೋನ್ ಮಾಡಿ.

ಕೆಲಸ ಮುಗಿದ ಮೇಲೆ ಸಿಲಿಂಡರ್ ವಾಲ್ವ್ ಮುಚ್ಚಿ ಹೋಸಲ್ಲಿ ಉಳಿದ ಗ್ಯಾಸ್ ಬಿಟ್ಟು ಗೇಜ್ ಸೊನ್ನೆಗೆ ತನ್ನಿ. ಖಾಲಿ ಸಿಲಿಂಡರ್ ಅಂತ ಪೂರ್ತಿ ಬರಿದು ಮಾಡಿ ವಾಲ್ವ್ ತೆರೆದಿಡಬೇಡಿ, ಒಳಗೆ ಗಾಳಿ ಸೇರತ್ತೆ, ಸ್ವಲ್ಪ ಪ್ರೆಶರ್ ಉಳಿಸಿ, ಮುಚ್ಚಿ, ಕ್ಯಾಪ್ ಹಾಕಿ, ಮೇಲೆ ಚಾಕ್‌ನಲ್ಲಿ ಖಾಲಿ ಅಂತ ಬರೆದು ಕಳಿಸಿ.