ಒಂದು ಡಿಜಿಟಲ್ ಸಹಿಗಾಗಿ ಏಳು ವಾರ

ಸಾಗರದ ಅಡಿಕೆ ಮಂಡಿಗಳಿಗಾಗಿ ತೂಕ, ದಲಾಲಿ, ಹಮಾಲಿಗಳ ಲೆಕ್ಕ ಹಾಕಿ ಬೆಳೆಗಾರರಿಗೆ ಪಟ್ಟಿ ಮುದ್ರಿಸಿಕೊಡುವ ಸಣ್ಣ ವಿಂಡೋಸ್ ತಂತ್ರಾಂಶವೊಂದನ್ನು ನಾನೊಬ್ಬನೇ ಬರೆದು ನಿರ್ವಹಿಸುತ್ತಿದ್ದೇನೆ. ತಂತ್ರಾಂಶ ಯಾರದು, ನಡುವೆ ಯಾರೂ ತಿದ್ದಿಲ್ಲವೇ ಎಂದು ಕಂಪ್ಯೂಟರಿಗೆ ತಿಳಿಸುವ ಡಿಜಿಟಲ್ ಸಹಿ 2024ರವರೆಗೆ ಅದಕ್ಕೆ ಇರಲಿಲ್ಲ. ಸಹಿಯಿಲ್ಲದ, ಹೆಚ್ಚು ಜನರು ಇಳಿಸಿಕೊಳ್ಳದ ಕಡತವನ್ನು ತೆರೆದಾಗ ವಿಂಡೋಸ್‌ನ ಭದ್ರತಾ ವ್ಯವಸ್ಥೆಯಾದ ಸ್ಮಾರ್ಟ್‌ಸ್ಕ್ರೀನ್ ನೀಲಿ ಪರದೆಯಲ್ಲಿ ಎಚ್ಚರಿಕೆ ತೋರಿಸುತ್ತದೆ. ಪ್ರತಿ ಹೊಸ ಆವೃತ್ತಿಯೂ ಹೊಸ ಕಡತವೇ ಆದ್ದರಿಂದ ಎಚ್ಚರಿಕೆಯೂ ಮರಳುತ್ತಿತ್ತು, ಮಂಡಿಯ ಗುಮಾಸ್ತರ ಫೋನೂ ಬರುತ್ತಿತ್ತು: “ಸಾರ್, ವೈರಸ್ ಅಂತ ತೋರಿಸ್ತಿದೆ.” ‘ರನ್ ಎನಿವೇ’ ಒತ್ತಿ ಎಂದು ಹೇಳಿಕೊಡುವಾಗಲೆಲ್ಲ, ಎಚ್ಚರಿಕೆಯನ್ನು ಕಡೆಗಣಿಸುವುದನ್ನೇ ಅವರಿಗೆ ಅಭ್ಯಾಸ ಮಾಡಿಸುತ್ತಿದ್ದೇನಲ್ಲ ಎಂದು ಮುಜುಗರವಾಗುತ್ತಿತ್ತು.

ಕೊನೆಗೆ ಸಹಿ ಹಾಕಲು ಬೇಕಾದ, ನಾನು ಯಾರೆಂದು ದೃಢಪಡಿಸುವ ಒಂದು ವರ್ಷದ ಪ್ರಮಾಣಪತ್ರವನ್ನು ವಿದೇಶಿ ಸಂಸ್ಥೆಯೊಂದರಿಂದ ಕೊಂಡೆ. ಟೋಕನ್ (ಸಹಿಯ ಕೀಲಿಯನ್ನು ಇಟ್ಟುಕೊಳ್ಳುವ ಪುಟ್ಟ ಸಾಧನ) ಮತ್ತು ಸಾಗಣೆ ಸೇರಿ ಸುಮಾರು 30,000 ರೂಪಾಯಿ ಆಯಿತು. ಆ ವರ್ಷ ಮಂಡಿಗಳಿಂದ ಬಂದ ಶುಲ್ಕದ ಕಾಲು ಭಾಗವದು. ಹಣಕ್ಕಿಂತ ಹೆಚ್ಚು ಕಾಡಿದ್ದು ನನ್ನ ಹೆಸರು. ನಮ್ಮ ಕಡೆ ಇನಿಶಿಯಲ್ ಎಂದರೆ ಊರು ಮತ್ತು ತಂದೆಯ ಹೆಸರು. ಆಧಾರ್‌ನಲ್ಲಿ ಅವು ಬರೀ ಎರಡು ಅಕ್ಷರಗಳಾಗಿದ್ದವು. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿದ್ದರಿಂದ ಅಪ್ಪನ ಹೆಸರು ನನ್ನ ಕುಲನಾಮವಾಗಿ ಕುಳಿತಿತ್ತು. ಇಬ್ಬರೂ ಒಬ್ಬನೇ ಎಂದು ಒಪ್ಪಿಸುವುದಕ್ಕೆ ಮೂರು ವಾರಗಳೇ ಹಿಡಿದವು. ಗುರುತಿನ ಅರ್ಜಿಗೆ ನೋಟರಿಯ ಮೊಹರೂ ಬೇಕಿತ್ತು. ಕೋರ್ಟಿನ ಆವರಣದ ನೋಟರಿಯವರು ಆ ಅರ್ಜಿಯನ್ನು ಎರಡು ಸಲ ಓದಿ, “ಇದು ಯಾವ ಆಸ್ತಿಗೆ ಸಂಬಂಧಿಸಿದ್ದು?” ಎಂದು ಕೇಳಿದರು.

ಮೊದಲಾದರೆ ಸಹಿಯ ಖಾಸಗಿ ಕೀಲಿಯನ್ನು, ಅಂದರೆ ಸಹಿ ಹಾಕಲು ಬಳಸುವ ಗುಪ್ತ ಸಂಕೇತವನ್ನು, ಕಡತವಾಗಿ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದಿತ್ತು. ಪ್ರಮಾಣಪತ್ರ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂನ ನಿಯಮದಂತೆ 2023ರ ಜೂನ್ 1ರಿಂದ ಅದು ಟೋಕನ್‌ನಂಥ ಪ್ರಮಾಣೀಕೃತ ಯಂತ್ರಾಂಶದೊಳಗೇ ಇರಬೇಕು. ಕದ್ದ ಕೀಲಿಗಳಿಂದ ದುರುದ್ದೇಶದ ತಂತ್ರಾಂಶಗಳಿಗೆ ಸಹಿ ಬಿದ್ದ ಉದಾಹರಣೆಗಳಿರುವುದರಿಂದ ಈ ನಿಯಮವನ್ನು ನಾನು ತಪ್ಪೆನ್ನಲಾರೆ. ಆದರೆ ಬಾಡಿಗೆ ಸರ್ವರಿನಲ್ಲಿ ರಾತ್ರಿ ತಾನಾಗಿಯೇ ಸಿದ್ಧವಾಗುತ್ತಿದ್ದ ಆವೃತ್ತಿಗೆ ಈಗ ನಾನೇ ಎದ್ದು ಟೋಕನ್ ಚುಚ್ಚಿ, ಪಾಸ್‌ವರ್ಡ್ ಹೊಡೆಯಬೇಕು. ಕ್ಲೌಡ್ ಮೂಲಕ ಸಹಿ ಹಾಕುವ ಸೇವೆಗಳಿವೆ, ಅವುಗಳ ಶುಲ್ಕ ಬೇರೆ.

ಏಳನೆಯ ವಾರ ಸಹಿ ಬಿತ್ತು. ಎಚ್ಚರಿಕೆ ಮಾತ್ರ ಅಂದೇ ಹೋಗಲಿಲ್ಲ. ಹೊಸ ಪ್ರಮಾಣಪತ್ರವೂ ಡೌನ್‌ಲೋಡ್‌ಗಳ ಲೆಕ್ಕದಲ್ಲಿ ನಂಬಿಕೆ ಗಳಿಸಬೇಕಾಗಿತ್ತು. ತಮಾಷೆಯೆಂದರೆ, ಸಹಿ ಬಿದ್ದ ಆ ಮೊದಲ ಆವೃತ್ತಿಯಲ್ಲೇ ಹಮಾಲಿಯನ್ನು ಎರಡು ಸಲ ಕಳೆಯುವ ದೋಷವಿತ್ತು. ಬರೆದವನು ಯಾರೆಂದು ಅಷ್ಟು ವಾರ ವಿಚಾರಿಸಿದವರಲ್ಲಿ ಬರೆದದ್ದೇನೆಂದು ಕೇಳಿದವರು ಒಬ್ಬರೂ ಇಲ್ಲ. ಅದು ಅವರ ಕೆಲಸವೂ ಅಲ್ಲ.

ಈಗ ಸಣ್ಣ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಎರಡು ತಿಂಗಳಿಗೊಮ್ಮೆ ಸಹಿ ಹಾಕುತ್ತೇನೆ. ಪ್ರತಿ ಸಹಿಯ ಜೊತೆ ಅದು ಬಿದ್ದ ಹೊತ್ತನ್ನು ದಾಖಲಿಸುವ ಸಮಯಮುದ್ರೆಯನ್ನೂ ತಪ್ಪದೆ ಹಾಕುತ್ತೇನೆ, ಏಕೆಂದರೆ ಅದಿದ್ದರೆ ಪ್ರಮಾಣಪತ್ರದ ಅವಧಿ ಮುಗಿದ ಮೇಲೂ ಹಳೆಯ ಕಡತಗಳ ಸಹಿ ಊರ್ಜಿತವಾಗಿರುತ್ತದೆ. ನವೀಕರಣದ ಕಾಗದಪತ್ರಗಳನ್ನು ಅವಧಿಗೆ ಎರಡು ತಿಂಗಳ ಮೊದಲೇ ಕಳಿಸುತ್ತೇನೆ, ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ.